ಆ ಹುಡುಗಿಯ ಮೇಲೆ ನನಗ್ಯಾಕೆ ಅಷ್ಟು ಕೋಪ ಬಂತು?

ಪ್ರಶ್ನೆ: ಮೇಡಂ, ನಾನು ಜನರಲ್ ಮೆಡಿಸಿನ್ ವಾರ್ಡಿನಲ್ಲಿ ನರ್ಸ್. ನಾಲ್ಕು ವರ್ಷದ ಅನುಭವ ಇದೆ. ಮೊನ್ನೆ 19 ವರ್ಷದ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದು ಅಡ್ಮಿಟ್ ಆದಳು. ಪೊಟ್ಯಾಶಿಯಂ ತುಂಬಾ ಕಡಿಮೆ ಇತ್ತು. ಊಟ ಆದಮೇಲೆ ತಾನೇ ವಾಂತಿ ಮಾಡಿಕೊಳ್ಳುತ್ತಾಳೆ ಅನ್ನೋದು ಆಮೇಲೆ ಗೊತ್ತಾಯಿತು. ನೋಡೋಕೆ ತೆಳ್ಳಗೇನೂ ಇಲ್ಲ. ಸೀನಿಯರ್ ಒಬ್ಬರು "ತಾನೇ ಮಾಡ್ಕೊಂಡಿದ್ದು, ಡ್ರಿಪ್ ಹಾಕಿ ಕಳಿಸಿ" ಅಂದರು. ಆದರೆ ಎರಡು ದಿನ ಕೊಟ್ಟರೂ ಪೊಟ್ಯಾಶಿಯಂ ಏರುತ್ತಿಲ್ಲ. ಕದ್ದು ವಾಂತಿ ಮಾಡುತ್ತಿದ್ದಾಳೆ ಅಂತ ಎಲ್ಲರಿಗೂ ಅನುಮಾನ. ಅವತ್ತು ರಾತ್ರಿ ಅವಳ ದಿಂಬಿನ ಕೆಳಗೆ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟ ಊಟ ಸಿಕ್ಕಿತು. ನನಗೆ ತಡೆಯಲಾಗಲಿಲ್ಲ. "ಪಕ್ಕದ ಬೆಡ್ಡಿನಲ್ಲಿ ನಿಜವಾದ ಕಾಯಿಲೆಯವರು ಒದ್ದಾಡ್ತಿದ್ದಾರೆ, ನೀನು ಈ ಥರ ಮಾಡ್ತೀಯಲ್ಲ" ಅಂದುಬಿಟ್ಟೆ. ಅವಳು ಒಂದು ಮಾತೂ ಆಡದೆ ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಈ ಕಾಯಿಲೆ ಬಗ್ಗೆ ಕೋರ್ಸಿನಲ್ಲಿ ಒಂದು ಇಡೀ ಕ್ಲಾಸ್ ಆದ ನೆನಪೂ ನನಗಿಲ್ಲ. ನನ್ನ ತಿಳಿವಳಿಕೆ ಕಡಿಮೆಯೋ, ಮನಸ್ಸೇ ಸರಿ ಇಲ್ಲವೋ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ತಲೆಗೆ ಮೊದಲು ಬಂದ ಪ್ರಶ್ನೆ ನಿಮ್ಮ ಮನಸ್ಸಿನದ್ದಲ್ಲ, ಮೆಗ್ನೀಶಿಯಂನದ್ದು. ಅವಳ ಮೆಗ್ನೀಶಿಯಂ ಯಾರಾದರೂ ನೋಡಿದ್ದಾರಾ? ಅದು ಕಡಿಮೆ ಇದ್ದರೆ ಎಷ್ಟು ಪೊಟ್ಯಾಶಿಯಂ ಸುರಿದರೂ ಮೂತ್ರದಲ್ಲಿ ಹೋಗುತ್ತಲೇ ಇರುತ್ತದೆ. ಇನ್ನೂ ಒಂದು ವಿಷಯ ಇದೆ. ತುಂಬಾ ದಿನದಿಂದ ವಾಂತಿ ಮಾಡಿಕೊಂಡವರ ಮೈಯಲ್ಲಿ ನೀರು ಕಡಿಮೆ ಆಗಿರುತ್ತದೆ. ಆ ನೀರನ್ನು ಹಿಡಿದಿಟ್ಟುಕೊಳ್ಳಲು ದೇಹ ಆಲ್ಡೋಸ್ಟಿರಾನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಈ ಹಾರ್ಮೋನು ಉಪ್ಪು, ನೀರನ್ನು ಉಳಿಸಿ ಪೊಟ್ಯಾಶಿಯಂ ಅನ್ನು ಹೊರಗೆ ಹಾಕುತ್ತದೆ. ಹಾಗಾಗಿ ವಾಂತಿ ನಿಂತ ಮೇಲೂ ಕೆಲವು ದಿನ ಪೊಟ್ಯಾಶಿಯಂ ಸೋರಬಹುದು. ಅಂದರೆ ಅವಳು ವಾರ್ಡಿಗೆ ಬಂದ ಮೇಲೆ ಒಂದು ಸಲವೂ ವಾಂತಿ ಮಾಡಿಕೊಳ್ಳದೆ ಇದ್ದರೂ ನಿಮ್ಮ ರಿಪೋರ್ಟ್ ಹೀಗೇ ಬರಬಹುದಿತ್ತು. ಕದ್ದು ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ, ಮಾಡುತ್ತಲೂ ಇರಬಹುದು. ಆದರೆ ಇಡೀ ವಾರ್ಡು ಒಂದು ರಕ್ತದ ರಿಪೋರ್ಟ್ ಹಿಡಿದುಕೊಂಡು ಒಬ್ಬಳನ್ನು ಸುಳ್ಳಿ ಅಂತ ತೀರ್ಮಾನ ಮಾಡಿತಲ್ಲ, ಆ ರಿಪೋರ್ಟಿಗೆ ಇನ್ನೂ ಎರಡು ಕಾರಣ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ತಿಳಿವಳಿಕೆ ಮತ್ತು ಮನಸ್ಸು ಅಂತ ನೀವು ಎರಡು ಬೇರೆ ಬೇರೆ ಡಬ್ಬಿ ಮಾಡಿದ್ದೀರಿ. ಈ ಕಾಯಿಲೆಯ ವಿಷಯದಲ್ಲಿ ಅವೆರಡೂ ಒಂದೇ ಡಬ್ಬಿಯಲ್ಲಿವೆ. ಬೇರೆ ಕಾಯಿಲೆಯಲ್ಲಿ ನಮಗೆ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತೀವಿ, ಪುಸ್ತಕ ತೆಗೆಯುತ್ತೀವಿ, ಇನ್ನೊಬ್ಬರಿಗೆ ಫೋನ್ ಮಾಡುತ್ತೀವಿ. ಇಲ್ಲಿ ಹಾಗಲ್ಲ. ಊಟ ಮಾಡೋದು, ಬಿಡೋದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ? ಅದಕ್ಕೇ ನಮಗೆ ಗೊತ್ತಿಲ್ಲ ಅನ್ನೋದೇ ನಮಗೆ ಗೊತ್ತಾಗುವುದಿಲ್ಲ. ತಿಳಿವಳಿಕೆ ಇರಬೇಕಾದ ಜಾಗ ಖಾಲಿ ಇರುತ್ತದೆ, ಅಲ್ಲಿ ಕೋಪ ಬಂದು ಕೂರುತ್ತದೆ.

ನೀವು ಒಬ್ಬರೇ ಅಲ್ಲ. ಈಟಿಂಗ್ ಡಿಸಾರ್ಡರ್, ಅಂದರೆ ನಿಮ್ಮ ಹುಡುಗಿಯದ್ದರಂಥ ಊಟಕ್ಕೆ ಸಂಬಂಧಪಟ್ಟ ಮನಸ್ಸಿನ ಕಾಯಿಲೆ, ಇರುವವರಿಗೆ ಚಿಕಿತ್ಸೆ ಕೊಡುವವರ ಮನಸ್ಸಿನಲ್ಲಿ ಏನಾಗುತ್ತದೆ ಅಂತ ಹುಡುಕಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2012ರಲ್ಲಿ ಬಂತು. ಅದರಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ಇವೇ: ರೋಸಿಹೋಗುವುದು, ಇವರು ಸರಿಹೋಗಲ್ಲ ಅನ್ನುವ ಭಾವನೆ, ನನ್ನ ಕೈಲಿ ಇದು ಆಗಲ್ಲ ಅನ್ನುವ ಭಾವನೆ, ಮತ್ತೆ ಆತಂಕ. ಅನುಭವ ಕಡಿಮೆ ಇದ್ದಷ್ಟೂ ಇವು ಜಾಸ್ತಿ. ನೀವು ಗಮನಿಸಿ, ಇವುಗಳಲ್ಲಿ ಮೂರು ರೋಗಿಯ ಬಗ್ಗೆ ಅಲ್ಲವೇ ಅಲ್ಲ, ನಮ್ಮ ಕೈಲಾಗದಿರುವಿಕೆಯ ಬಗ್ಗೆ. ಆಸ್ಪತ್ರೆಯಲ್ಲಿ ನಮಗೆ ಅಭ್ಯಾಸ ಆಗಿರುವುದು ಹುಷಾರಾಗಬೇಕು ಅಂತ ಬಂದವರು. ಮಾತ್ರೆ ಕೊಟ್ಟರೆ ನುಂಗುತ್ತಾರೆ, ಸೂಜಿ ಚುಚ್ಚಿದರೆ ಕೈ ಚಾಚುತ್ತಾರೆ, ಹೋಗುವಾಗ ಥ್ಯಾಂಕ್ಸ್ ಹೇಳುತ್ತಾರೆ. ಇಲ್ಲಿ ನಾವು ಕೊಡುವ ಔಷಧಿ ಊಟ, ಮತ್ತು ರೋಗಿಗೆ ಪ್ರಪಂಚದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದೂ ಅದೇ ಊಟ. ನೀವು ತಟ್ಟೆ ತಂದಿಟ್ಟಾಗ ಅವಳಿಗೆ ನೀವು ಉಪಕಾರ ಮಾಡುವವರ ಥರ ಕಾಣುವುದಿಲ್ಲ.

ಈಗ ನನ್ನ ಕಥೆ ಹೇಳಬೇಕು, ಇಲ್ಲದಿದ್ದರೆ ಮೇಲಿಂದ ಉಪದೇಶ ಮಾಡಿದ ಹಾಗಿರುತ್ತದೆ. ನಾನು ಸೈಕಿಯಾಟ್ರಿಗೆ ಬರುವ ಮೊದಲು ಒಂದು ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರ್ ಆಗಿದ್ದೆ. ಒಬ್ಬ ಹುಡುಗಿಯನ್ನು ಅವಳ ಅಮ್ಮ ಕರೆದುಕೊಂಡು ಬಂದರು. ತೂಕ ಇಳಿದಿತ್ತು, ಮುಟ್ಟು ನಿಂತಿತ್ತು. ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲಾ ಸರಿಯಾಗಿತ್ತು. ನಾನು ನಗುನಗುತ್ತಾ "ರಿಪೋರ್ಟ್ ಎಲ್ಲಾ ನಾರ್ಮಲ್, ಏನೂ ಇಲ್ಲ, ಚೆನ್ನಾಗಿ ತಿನ್ನಿ ಅಷ್ಟೇ" ಅಂದೆ. ನಾಡಿ 44 ಇತ್ತು. ಅವಳು ಓಟಗಾರ್ತಿ ಅಂತ ಅಮ್ಮ ಹೇಳಿದ್ದರು, ಆಟಗಾರರ ಹೃದಯ ನಿಧಾನ ಇರುತ್ತದೆ ಅಂತ ನಾನು ಎಲ್ಲೋ ಓದಿದ್ದೆ, ಅಲ್ಲಿಗೆ ಮುಗಿಯಿತು. ಆರು ತಿಂಗಳ ಮೇಲೆ ಅವಳು ಸ್ಟ್ರೆಚರಿನಲ್ಲಿ ಬಂದಳು. ಬದುಕಿದಳು. ಎಷ್ಟೋ ದಿನ ಆದಮೇಲೆ ನನಗೆ ಹೇಳಿದಳು: "ನೀವು ಏನೂ ಇಲ್ಲ ಅಂದಿರಲ್ಲ ಡಾಕ್ಟರ್, ಅವತ್ತು ನಾನು ಅಂದುಕೊಂಡೆ, ಇನ್ನೂ ಸಾಕಷ್ಟು ಇಳಿದಿಲ್ಲ ಅಂತ." ನಾನು ಧೈರ್ಯ ಹೇಳಿದ್ದೆ ಅಂದುಕೊಂಡಿದ್ದೆ. ಅವಳ ಕಾಯಿಲೆ ಅದನ್ನು ಸವಾಲು ಅಂತ ಕೇಳಿಸಿಕೊಂಡಿತ್ತು.

ಆ ನಾಡಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಾಡಿ ಹಿಡಿಯುವುದು ನೀವು, ನಾವಲ್ಲ. ಊಟ ಕಡಿಮೆ ಆದಾಗ ದೇಹ ಖರ್ಚು ಉಳಿಸಲು ಶುರು ಮಾಡುತ್ತದೆ. ಹೃದಯದ ಬಡಿತ ಇಳಿಯುತ್ತದೆ, ಬಿಪಿ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಮುಟ್ಟು ನಿಲ್ಲುತ್ತದೆ, ಹೊಟ್ಟೆ ನಿಧಾನಕ್ಕೆ ಖಾಲಿ ಆಗುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿ ಉಬ್ಬಿದ ಹಾಗೆ ಅನಿಸುವುದು ನಾಟಕ ಅಲ್ಲ, ಅದು ಇದೇ. ಇಷ್ಟೆಲ್ಲಾ ಆದರೂ ದೇಹ ರಕ್ತದ ಅಂಶಗಳನ್ನು ಮಾತ್ರ ಕೊನೆವರೆಗೂ ಹಿಡಿದಿಟ್ಟುಕೊಳ್ಳಬಲ್ಲದು. ಅದಕ್ಕೇ ರಿಪೋರ್ಟ್ ಚೆನ್ನಾಗಿದ್ದರೆ ರೋಗಿ ಚೆನ್ನಾಗಿದ್ದಾರೆ ಅನ್ನುವ ನಮ್ಮ ಹಳೇ ನಂಬಿಕೆ ಈ ಕಾಯಿಲೆಯಲ್ಲಿ ಕೈ ಕೊಡುತ್ತದೆ. ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೇಲೆ ಇನ್ನೊಂದು ಸಲ ನಾಡಿ, ಬಿಪಿ ನೋಡಿ. ಕೈ ಊರದೆ ಮಲಗಿದಲ್ಲಿಂದ ಎದ್ದು ಕೂರಲು, ಕುಕ್ಕರಗಾಲಿನಿಂದ ಎದ್ದು ನಿಲ್ಲಲು ಹೇಳಿ ನೋಡಿ. ಆಗದಿದ್ದರೆ ಸ್ನಾಯು ಎಷ್ಟು ಸೋತಿದೆ ಅಂತ ಕಣ್ಣೆದುರೇ ಗೊತ್ತಾಗುತ್ತದೆ. ಇದಕ್ಕೆ ಯಂತ್ರ ಬೇಡ, ಹತ್ತಿರ ಒಬ್ಬರು ಹಿಡಿದುಕೊಳ್ಳಲು ನಿಂತಿದ್ದರೆ ಸಾಕು. ಇಸಿಜಿ ಅಂತೂ ಬೇಕೇ ಬೇಕು. ಪೊಟ್ಯಾಶಿಯಂ ಕಡಿಮೆ ಇದ್ದು, ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದ ಆಗಿದ್ದರೆ ಆ ಹೃದಯ ಯಾವ ಕ್ಷಣದಲ್ಲಾದರೂ ಲಯ ತಪ್ಪಬಹುದು.

ತೂಕದ ವಿಷಯಕ್ಕೆ ಬರೋಣ. "ನೋಡೋಕೆ ತೆಳ್ಳಗೇನೂ ಇಲ್ಲ" ಅಂತ ನೀವು ಬರೆದಿದ್ದೀರಿ. ಸುಮ್ನೆ ಒಂದು ವಾಕ್ಯ, ಆದರೆ ವೈದ್ಯರು, ನರ್ಸ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ನಮ್ಮ ಪುಸ್ತಕಗಳಲ್ಲಿ ಇದ್ದದ್ದು ಒಂದೇ ಫೋಟೋ, ಎಲುಬು ಕಾಣುವ ಹುಡುಗಿಯದ್ದು. ಆ ಫೋಟೋಗೆ ಹೊಂದದವರು ಯಾರೂ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲೇ ಊಟ ಬಿಟ್ಟು ಸೊರಗಿದ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದರು, ಅವರಲ್ಲಿ ಒಬ್ಬ 16 ವರ್ಷದ ಹುಡುಗ. ಮುನ್ನೂರು ವರ್ಷ ದಾಟಿದೆ, ಇವತ್ತಿಗೂ ಹುಡುಗನೊಬ್ಬ ತೂಕ ಇಳಿಸಿಕೊಂಡು ಬಂದರೆ ಟಿಬಿ, ಥೈರಾಯ್ಡ್, ಕ್ಯಾನ್ಸರ್ ಎಲ್ಲಾ ಹುಡುಕಿದ ಮೇಲೆ ಕೊನೆಗೆ ಇದು ನೆನಪಾಗುತ್ತದೆ. ಬುಲಿಮಿಯಾ, ಅಂದರೆ ಹಿಡಿತ ತಪ್ಪಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವಂಥ ಕಾಯಿಲೆ, ಅದಕ್ಕೆ ಹೆಸರು ಬಂದದ್ದೇ 1979ರಲ್ಲಿ, ಜೆರಾಲ್ಡ್ ರಸೆಲ್ ಬರೆದ ಪೇಪರಿನಿಂದ. ಬಿಂಜ್ ಈಟಿಂಗ್, ಅಂದರೆ ಹಿಡಿತ ತಪ್ಪಿ ತಿನ್ನುವ ಕಾಯಿಲೆ, ಮನಸ್ಸಿನ ಕಾಯಿಲೆಗಳನ್ನು ಪಟ್ಟಿ ಮಾಡುವ ಅಮೆರಿಕದ ಡಿಎಸ್ಎಂ ಪುಸ್ತಕದಲ್ಲಿ ಪೂರ್ತಿ ರೋಗನಿರ್ಣಯ ಅಂತ ಸೇರಿದ್ದು 2013ರಲ್ಲಿ. ಅದೇ ವರ್ಷದ ಪುಸ್ತಕದಲ್ಲಿ ಅನೊರೆಕ್ಸಿಯಾ (ದಪ್ಪ ಆಗುವ ಭಯದಿಂದ ಊಟ ಬಿಟ್ಟು ಸೊರಗುವ ಕಾಯಿಲೆ) ಅನ್ನಲು ಮುಟ್ಟು ನಿಂತಿರಲೇಬೇಕು ಅನ್ನುವ ನಿಯಮ ತೆಗೆದುಹಾಕಿದರು. ಅದಕ್ಕಿಂತ ಮೊದಲು ಓದಿ ಮುಗಿಸಿದ ಡಾಕ್ಟರುಗಳ ತಲೆಯಲ್ಲಿ ಇನ್ನೂ ಹಳೇ ನಿಯಮವೇ ಕೂತಿದ್ದರೆ ಆಶ್ಚರ್ಯ ಇಲ್ಲ.

ಬುಲಿಮಿಯಾ, ಬಿಂಜ್ ಈಟಿಂಗ್ ಇರುವವರು ಹೆಚ್ಚಾಗಿ ಸಾಧಾರಣ ತೂಕದವರು, ಇಲ್ಲವೇ ಅದಕ್ಕಿಂತ ಜಾಸ್ತಿ ತೂಕದವರು. ಇನ್ನು ಕೆಲವರು ದಪ್ಪ ಇದ್ದು ಬೇಗ ಬೇಗ ತುಂಬಾ ಇಳಿಸಿರುತ್ತಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ನೋಡಿದರೆ ನಾರ್ಮಲ್, ಆದರೆ ಒಳಗೆ ಹೃದಯ, ಉಪ್ಪಿನಂಶ ಎಲ್ಲಾ ತೀರಾ ತೆಳ್ಳಗಿರುವವರಷ್ಟೇ ಏರುಪೇರು. ಇವರಿಗೆ ಆಗುವ ಅನ್ಯಾಯ ನೋಡಿ: ಎಲ್ಲರೂ ಹೊಗಳುತ್ತಾರೆ. ಡಾಕ್ಟರೇ "ಭೇಷ್, ಹೀಗೇ ಮುಂದುವರಿಸಿ" ಅಂದಿರುತ್ತಾರೆ. ತೂಕ ಎಷ್ಟಿದೆ ಅಂತ ಕೇಳುವ ಮೊದಲು ಎಷ್ಟು ದಿನದಲ್ಲಿ ಎಷ್ಟು ಇಳಿಯಿತು, ಹೇಗೆ ಇಳಿಯಿತು ಅಂತ ಕೇಳಬೇಕು. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಇದನ್ನೇ ನೇರವಾಗಿ ಬರೆದಿದೆ. ಬಿಎಂಐ ಅಥವಾ ಕಾಯಿಲೆ ಎಷ್ಟು ದಿನದ್ದು ಅನ್ನುವ ಒಂದೇ ಅಳತೆ ಇಟ್ಟುಕೊಂಡು ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಡಿ ಅನ್ನುತ್ತದೆ.

ಕೋರ್ಸಿನಲ್ಲಿ ಕಲಿಸಿಲ್ಲ ಅಂದಿರಿ. ಡಾಕ್ಟರುಗಳ ಕಥೆಯೂ ಅಷ್ಟೇ. ಈ ಕಾಯಿಲೆಗೆ ಒಳ್ಳೆಯ ಕೇಂದ್ರಗಳಿರುವ, ಮಾರ್ಗಸೂಚಿಗಳನ್ನು ಬರೆಯುವ ಬ್ರಿಟನ್ನಿನಲ್ಲೇ, ಇಡೀ ಎಂಬಿಬಿಎಸ್ ಮಟ್ಟದ ಓದಿನಲ್ಲಿ ಈಟಿಂಗ್ ಡಿಸಾರ್ಡರಿಗೆ ಸರಾಸರಿ ಎರಡು ಗಂಟೆಯೂ ಸಿಗುವುದಿಲ್ಲ ಅಂತ 2018ರ ಒಂದು ಅಧ್ಯಯನ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿನ ಓಂಬುಡ್ಸ್‌ಮನ್ (ಆರೋಗ್ಯ ಸೇವೆಯ ಮೇಲಿನ ದೂರು ವಿಚಾರಿಸುವ ಅಧಿಕಾರಿ), ಅನೊರೆಕ್ಸಿಯಾದಿಂದ ಸತ್ತವರ ಕುಟುಂಬಗಳ ದೂರು ತನಿಖೆ ಮಾಡಿ, ಎಲ್ಲಾ ಜೂನಿಯರ್ ಡಾಕ್ಟರುಗಳಿಗೆ ಕೊಡುವ ಇದರ ತರಬೇತಿಯನ್ನು ಮರುಪರಿಶೀಲಿಸಬೇಕು ಅಂತ ವರದಿ ಕೊಟ್ಟಿದ್ದರು. ಸಾವಿನ ಲೆಕ್ಕ ಗೊತ್ತಿದ್ದವರು ಎರಡು ಗಂಟೆಗೆ ನಿಲ್ಲಿಸುತ್ತಿರಲಿಲ್ಲ. 2011ರಲ್ಲಿ 36 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಅದೇ ವಯಸ್ಸಿನ ಬೇರೆಯವರಿಗೆ ಹೋಲಿಸಿದರೆ ಅನೊರೆಕ್ಸಿಯಾ ಇರುವವರಲ್ಲಿ ಸಾವು ಸುಮಾರು ಆರು ಪಟ್ಟು ಜಾಸ್ತಿ ಕಂಡಿತ್ತು. ಸತ್ತವರಲ್ಲಿ ಐವರಿಗೆ ಒಬ್ಬರು ಆತ್ಮಹತ್ಯೆ ಮಾಡಿಕೊಂಡವರು. "ನಿಜವಾದ ಕಾಯಿಲೆ" ಅಂದಿರಲ್ಲ ಅವಳ ಹತ್ತಿರ, ಆ ಮಾತಿಗೆ ನನ್ನ ಉತ್ತರ ಇಷ್ಟೇ.

ಆದರೂ ನಿಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಉಳಿದಿರುತ್ತದೆ, ನನಗೆ ಗೊತ್ತು. "ಅದೆಲ್ಲಾ ಸರಿ, ಆದರೆ ಬೆರಳು ಹಾಕೋದು ಅವಳೇ ತಾನೇ?" ಈ ಪ್ರಶ್ನೆಗೆ ಒಂದು ಹಳೇ ಪ್ರಯೋಗ ಹೇಳುತ್ತೇನೆ. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಂಡಸರನ್ನು ಆರಿಸಿಕೊಂಡರು. ಮೈಯೂ ಗಟ್ಟಿ, ಮನಸ್ಸೂ ಗಟ್ಟಿ ಅಂತ ಪರೀಕ್ಷೆ ಮಾಡಿ ಆರಿಸಿದವರು. ಆರು ತಿಂಗಳು ಅರೆಹೊಟ್ಟೆ ಊಟ. ತೂಕದಲ್ಲಿ ಕಾಲು ಭಾಗ ಹೋಯಿತು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ, ಕನ್ನಡಿಯ ಚಿಂತೆ ಇರಲಿಲ್ಲ. ಆದರೂ ಏನಾಯಿತು ಗೊತ್ತಾ? ಇಡೀ ದಿನ ಊಟದ್ದೇ ಯೋಚನೆ. ತಟ್ಟೆ ಮುಂದೆ ಗಂಟೆಗಟ್ಟಲೆ ಕೂತು ಚೂರು ಚೂರು ಮಾಡಿ ತಿನ್ನುವುದು, ತಟ್ಟೆ ನೆಕ್ಕುವುದು, ಅಡುಗೆ ಪುಸ್ತಕ ಕೂಡಿಡುವುದು. ಜನರ ಜೊತೆ ಬೆರೆಯುವುದು ಬಿಟ್ಟರು, ಸಿಡುಕಿದರು, ಖಿನ್ನರಾದರು. ಮತ್ತೆ ಊಟ ಕೊಟ್ಟಾಗ ಕೆಲವರು ಹಿಡಿತವೇ ಇಲ್ಲದೆ ತಿಂದರು. ಹಸಿದ ಮೆದುಳು ಗಟ್ಟಿ ಗಂಡಸರನ್ನೂ ಹೀಗೆ ಮಾಡುತ್ತದೆ ಅಂದರೆ, ನಾವು ವಾರ್ಡಿನಲ್ಲಿ "ಹಟ", "ನಾಟಕ" ಅಂತ ಕರೆಯುವುದರಲ್ಲಿ ಎಷ್ಟು ಭಾಗ ಹಸಿವಿನ ಲಕ್ಷಣ ಅಂತ ಯೋಚಿಸಿ. ಅವರಿಗೂ ನಿಮ್ಮ ಹುಡುಗಿಗೂ ಒಂದು ವ್ಯತ್ಯಾಸ ಇದೆ. ಅವರಿಗೆ ಊಟ ಬಂದದ್ದು ಬಿಡುಗಡೆ ಆದ ಹಾಗೆ. ಇವಳಿಗೆ ಊಟ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಹಸಿವು, ಭಯ ಎರಡೂ ಒಟ್ಟಿಗೆ. ಒಂದು ತಿನ್ನಿಸುತ್ತದೆ, ಇನ್ನೊಂದು ಕಕ್ಕಿಸುತ್ತದೆ.

ಅದರ ಮೇಲೆ ಹುಟ್ಟಿನಿಂದ ಬಂದ ಒಲವೂ ಇದೆ. 2019ರಲ್ಲಿ ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ಜೀನ್ ಪರೀಕ್ಷೆ ಮಾಡಿದ ದೊಡ್ಡ ಅಧ್ಯಯನ, ಈ ಕಾಯಿಲೆಗೆ ಸಂಬಂಧಪಟ್ಟ ಎಂಟು ಜಾಗಗಳನ್ನು ಗುರುತಿಸಿತು. ಮನಸ್ಸಿನ ಕಾಯಿಲೆಗಳ ಜೊತೆಗಷ್ಟೇ ಅಲ್ಲ, ದೇಹ ಸಕ್ಕರೆ, ಕೊಬ್ಬನ್ನು ಬಳಸುವ ರೀತಿಯ ಜೊತೆಗೂ ನಂಟು ಕಂಡಿತು. ನಿಮಗೆ ಇಷ್ಟ ಆಗಬಹುದಾದ ಇನ್ನೊಂದು ವಿಷಯ: 2008ರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಮೇಲೇ ಒಂದು ಪ್ರಯೋಗ ಆಯಿತು. ಒಂದು ಗುಂಪಿಗೆ ಅನೊರೆಕ್ಸಿಯಾ ಯಾಕೆ ಬರುತ್ತದೆ ಅನ್ನುವುದಕ್ಕೆ ಜೀನು, ಮೆದುಳಿನ ಕಾರಣ ಹೇಳಿದರು, ಇನ್ನೊಂದಕ್ಕೆ ಸಮಾಜ, ಸೌಂದರ್ಯದ ಕಾರಣ ಹೇಳಿದರು. ಮೊದಲ ಗುಂಪಿನವರು ರೋಗಿಯನ್ನು ದೂರಿದ್ದು ಕಡಿಮೆ. ತಿಳಿವಳಿಕೆ ಮನಸ್ಸನ್ನು ಹೇಗೆ ಬದಲಿಸುತ್ತದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಕಾ? ಹಾಗಂತ ಜೀನು ಅಂದ ತಕ್ಷಣ ಹಣೆಬರಹ ಅಂದುಕೊಳ್ಳಬಾರದು. ಆಗ ಬೈಯುವುದು ನಿಲ್ಲುತ್ತದೆ, ಕೈಚೆಲ್ಲುವುದು ಶುರುವಾಗುತ್ತದೆ.

ಕೈಚೆಲ್ಲುವುದಕ್ಕೆ ಕಾರಣವೂ ಇಲ್ಲ. ವಾರ್ಡಿನಲ್ಲಿ ಕೆಲಸ ಮಾಡುವವರಿಗೆ "ಇವರು ಹುಷಾರಾಗೋದೇ ಇಲ್ಲ" ಅನಿಸುವುದು ಸಹಜ, ಯಾಕೆಂದರೆ ಹುಷಾರಾದವರು ಮತ್ತೆ ವಾರ್ಡಿಗೆ ಬರುವುದಿಲ್ಲ. ಬಂದವರೇ ಮತ್ತೆ ಮತ್ತೆ ಬರುತ್ತಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಅನೊರೆಕ್ಸಿಯಾ, ಬುಲಿಮಿಯಾ ಇದ್ದ ಹೆಂಗಸರನ್ನು 22 ವರ್ಷ ಬಿಡದೆ ಹಿಂಬಾಲಿಸಿದರು. 9 ವರ್ಷದ ಹೊತ್ತಿಗೆ ಅನೊರೆಕ್ಸಿಯಾ ಇದ್ದವರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಗುಣ ಆಗಿದ್ದರು. 22 ವರ್ಷಕ್ಕೆ ನೋಡಿದರೆ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಬುಲಿಮಿಯಾದವರೂ ಮೂರರಲ್ಲಿ ಎರಡು ಪಾಲು ಗುಣವಾಗಿದ್ದರು, ಅದೂ ಹೆಚ್ಚಿನವರು ಮೊದಲ 9 ವರ್ಷದೊಳಗೇ. ನಿಧಾನ, ನಿಜ. ಆದರೆ ನಾವು ನೋಡುವುದು ಸಿನಿಮಾದ ಮಧ್ಯದ ಐದು ನಿಮಿಷ ಮಾತ್ರ.

ಈಗ ಕೆಲಸದ ಮಾತು. ಕೇಳುವುದು ಹೇಗೆ? 1999ರಲ್ಲಿ ಲಂಡನ್ನಿನ ವೈದ್ಯರು ಐದು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿದರು, ಸ್ಕಾಫ್ ಅಂತ ಅದರ ಹೆಸರು. ಹೊಟ್ಟೆ ತುಂಬಿ ಹಿಂಸೆ ಆಗುತ್ತೆ ಅಂತ ನೀವೇ ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೀರಿ ಅನ್ನುವುದರ ಮೇಲೆ ಹಿಡಿತ ತಪ್ಪಿದೆ ಅಂತ ಚಿಂತೆ ಇದೆಯಾ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಜಾಸ್ತಿ ಇಳಿದಿದ್ದೀರಾ, ಬೇರೆಯವರು ತೆಳ್ಳಗಿದ್ದೀಯ ಅಂದರೂ ನಿಮಗೆ ದಪ್ಪ ಅನಿಸುತ್ತಾ, ಊಟದ ಯೋಚನೆಯೇ ನಿಮ್ಮ ಬದುಕನ್ನು ಆಳುತ್ತಿದೆಯಾ. ಎರಡಕ್ಕೆ ಹೌದು ಅಂದರೆ ಇನ್ನೂ ಆಳವಾಗಿ ನೋಡಬೇಕು ಅಂತ ಲೆಕ್ಕ. ಎರಡು ನಿಮಿಷದ ಕೆಲಸ. ಆದರೆ ಐದಕ್ಕೂ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಮನೆಯವರು ಪಕ್ಕದಲ್ಲೇ ನಿಂತಿದ್ದರೆ, ಅಥವಾ ನೀವು ಕೇಸ್ ಶೀಟ್ ನೋಡಿಕೊಂಡೇ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಒಬ್ಬಳೇ ಇದ್ದಾಗ, ಕೂತುಕೊಂಡು, "ತುಂಬಾ ಜನಕ್ಕೆ ಹೀಗಾಗುತ್ತೆ, ಅದಕ್ಕೇ ಎಲ್ಲರನ್ನೂ ಕೇಳ್ತೀನಿ" ಅಂತ ಶುರು ಮಾಡಿ. ಸಾಯಬೇಕು ಅನಿಸುತ್ತದಾ ಅಂತಲೂ ಕೇಳಿ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವುದು ಸುಳ್ಳು.

ಈ ಕಾಯಿಲೆಯವರು ನೇರವಾಗಿ ನಮ್ಮ ಹತ್ತಿರ ಬರುವುದು ಅಪರೂಪ. ಹಲ್ಲಿನ ಒಳಭಾಗ ಸವೆದಿದೆ ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ, ಮುಟ್ಟು ನಿಂತಿದೆ ಅಂತ ಹೆರಿಗೆ ಡಾಕ್ಟರ ಹತ್ತಿರ, ಮಲಬದ್ಧತೆ ಅಂತ ಹೊಟ್ಟೆ ಡಾಕ್ಟರ ಹತ್ತಿರ. ಕಿವಿ ಕೆಳಗೆ ಎರಡೂ ಕಡೆ ಊತ, ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿ ಆದ ಗುರುತು, ಇವನ್ನು ನೋಡಿಯೂ ನೋಡದ ಹಾಗೆ ಹೋದವರು ಎಷ್ಟೋ ಜನ. ಮುಟ್ಟು ಬರಲಿ ಅಂತ ಗರ್ಭನಿರೋಧಕ ಮಾತ್ರೆ ಬರೆದುಕೊಡುತ್ತಾರೆ. ಮುಟ್ಟಿನ ಹಾಗೆ ರಕ್ತ ಬರುತ್ತದೆ, ಎಲ್ಲರಿಗೂ ಸಮಾಧಾನ, ಮೂಳೆ ಮಾತ್ರ ಒಳಗೆ ಸವೆಯುತ್ತಲೇ ಇರುತ್ತದೆ. ಖಿನ್ನತೆಗೆ ಅಂತ ಬುಪ್ರೋಪಿಯಾನ್ ಬರೆದವರನ್ನೂ ನೋಡಿದ್ದೇನೆ. ಬುಲಿಮಿಯಾ ಇದ್ದವರಿಗೆ ಆ ಮಾತ್ರೆ ಕೊಡಬಾರದು, ಫಿಟ್ಸ್ ಬರಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಡಯಾಬಿಟಿಸ್ ರೋಗಿ ಪದೇ ಪದೇ ಕೀಟೋಅಸಿಡೋಸಿಸ್‌ನಲ್ಲಿ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ) ಅಡ್ಮಿಟ್ ಆಗುತ್ತಿದ್ದರೆ, "ಶಿಸ್ತಿಲ್ಲ" ಅಂತ ಬರೆಯುವ ಮೊದಲು ತೂಕ ಇಳಿಸಲು ಇನ್ಸುಲಿನ್ ಬಿಡುತ್ತಿದ್ದಾರಾ ಅಂತ ಮೆಲ್ಲಗೆ ಕೇಳಿ.

"ಡ್ರಿಪ್ ಹಾಕಿ ಕಳಿಸಿ" ಅಂದರಲ್ಲ ನಿಮ್ಮ ಸೀನಿಯರ್, ಅದರಲ್ಲೂ ಎರಡು ಅಪಾಯ ಇದೆ. ವಾಂತಿ ನಿಂತವರಿಗೆ ಸಲೈನ್ ಬೇಗ ಬೇಗ ಹೋದರೆ, ನಾನು ಮೊದಲು ಹೇಳಿದ ಹಾರ್ಮೋನಿನ ದೆಸೆಯಿಂದ ಆ ನೀರೆಲ್ಲಾ ಮೈಯಲ್ಲೇ ನಿಂತು ಕಾಲು, ಮುಖ ಊದುತ್ತದೆ. ದಪ್ಪ ಆಗುವುದಕ್ಕೆ ಹೆದರಿ ಕಾಯಿಲೆ ಬಿದ್ದವಳು ಬೆಳಿಗ್ಗೆ ಎದ್ದು ಊದಿದ ಕಾಲು ನೋಡಿದರೆ ಏನು ಮಾಡುತ್ತಾಳೆ ಹೇಳಿ? ಓಡಿಹೋಗುತ್ತಾಳೆ, ಇಲ್ಲವೇ ಮತ್ತೆ ವಾಂತಿಗೆ ಇಳಿಯುತ್ತಾಳೆ. ಇದು ನೀರು, ಕೊಬ್ಬಲ್ಲ, ಕೆಲವು ದಿನದಲ್ಲಿ ಹೋಗುತ್ತದೆ ಅಂತ ಮೊದಲೇ ಹೇಳಬೇಕು. ಎರಡನೆಯದು, ತುಂಬಾ ದಿನ ತಿನ್ನದೆ ಇದ್ದವರಿಗೆ ಒಮ್ಮೆಗೇ ಗ್ಲೂಕೋಸ್ ಅಥವಾ ಊಟ ಹೋದಾಗ ರಕ್ತದ ಫಾಸ್ಫೇಟ್ ಕುಸಿಯುವುದು. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಕೈದಿಗಳು ಹೊಟ್ಟೆ ತುಂಬಾ ಊಟ ಸಿಕ್ಕ ಮೇಲೆ ಸತ್ತದ್ದು ಹೀಗೆ. ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಗ್ಲೂಕೋಸಿಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಹೋಗಬೇಕು, ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಮೊದಲ ದಿನಗಳಲ್ಲಿ ದಿನಾ ನೋಡಬೇಕು. ಸಾಧಾರಣ ತೂಕ ಇದೆ ಅಂತ ಇದನ್ನು ಬಿಡುವ ಹಾಗಿಲ್ಲ.

ಇನ್ನು ನಮ್ಮ ನಾಲಿಗೆಯ ವಿಷಯ. ತೂಕ ನೋಡಿ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುವುದು ಬೇಡ. "ಈಗ ಚೆನ್ನಾಗಿ ಕಾಣ್ತಿದ್ದೀಯ" ಅಂತ ಪ್ರೀತಿಯಿಂದ ಹೇಳಿದರೂ ಅವಳಿಗೆ ಕೇಳಿಸುವುದು "ದಪ್ಪ ಆಗಿದ್ದೀಯ" ಅಂತ. ರೂಪದ ಬಗ್ಗೆ ಮಾತೇ ಬೇಡ, ಕೈ ಬೆಚ್ಚಗಾಗಿದೆ, ಮೆಟ್ಟಿಲು ಹತ್ತಲು ಆಗ್ತಿದೆ ಅಂತ ಹೇಳಿ. ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ನಮ್ಮ ನಮ್ಮ ಡಯಟ್ಟು, ಉಪವಾಸ, ಹೊಟ್ಟೆ ಬಂತು ಅನ್ನುವ ಕಥೆ ಹೇಳಿಕೊಳ್ಳುತ್ತೀವಲ್ಲ, ಅದು ಅವಳ ಬೆಡ್ಡಿಗೆ ಕೇಳುತ್ತದೆ. ನಮ್ಮಲ್ಲೂ ಈ ಕಾಯಿಲೆ ಇರುವವರು ಇದ್ದಾರೆ, ನೈಟ್ ಡ್ಯೂಟಿಯ ನೆಪದಲ್ಲಿ ಊಟ ತಪ್ಪಿಸಿದರೆ ಯಾರೂ ಕೇಳುವುದಿಲ್ಲ. ಇಂಥ ರೋಗಿಯನ್ನು ಕಂಡರೆ ಅತಿಯಾಗಿ ಸಿಟ್ಟು ಬರುವ ಕೆಲವರಿಗೆ ಆ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಅವರಿಗೇ ಗೊತ್ತಿರುತ್ತದೆ. ನಿಮ್ಮ ಬಗ್ಗೆ ಹೇಳುತ್ತಿಲ್ಲ, ಪಕ್ಕದವರ ಕಡೆ ಒಂದು ಕಣ್ಣಿರಲಿ ಅಂತ ಹೇಳಿದೆ ಅಷ್ಟೇ.

ಇಷ್ಟೆಲ್ಲಾ ಓದಿ ನೀವು ಪೂರ್ತಿ ಮೆತ್ತಗಾಗಿಬಿಟ್ಟರೆ ಅದೂ ತಪ್ಪು. "ಪಾಪ, ಇವತ್ತೊಂದು ದಿನ ಬಿಡಿ" ಅಂತ ತಟ್ಟೆ ವಾಪಸ್ ತೆಗೆದುಕೊಂಡು ಹೋದರೆ ಕಾಯಿಲೆಗೆ ಖುಷಿ, ಅವಳಿಗಲ್ಲ. ಟಿಶ್ಯೂವಿನಲ್ಲಿ ಊಟ ಸಿಕ್ಕರೆ ನೋಡಿಲ್ಲ ಅನ್ನುವ ಹಾಗೆ ಇರಬೇಡಿ. "ಇದು ಸಿಕ್ಕಿತು. ಇವತ್ತಿನ ಊಟ ನಿನಗೆ ತುಂಬಾ ಕಷ್ಟ ಆಗಿದೆ ಅಂತ ಕಾಣುತ್ತೆ. ನಾಳೆಯಿಂದ ಊಟದ ಹೊತ್ತಿಗೆ ನಾನು ಪಕ್ಕದಲ್ಲಿ ಕೂರುತ್ತೇನೆ, ಆದಮೇಲೂ ಸ್ವಲ್ಪ ಹೊತ್ತು ಇರುತ್ತೇನೆ" ಅನ್ನಿ. ನಿಯಮ ಗಟ್ಟಿಯಾಗಿರಲಿ, ದನಿ ಗಟ್ಟಿಯಾಗುವುದು ಬೇಡ. ಬೆಳಗಿನ ಶಿಫ್ಟಿನವರು ಒಂದು ಹೇಳಿ ರಾತ್ರಿ ಶಿಫ್ಟಿನವರು ಇನ್ನೊಂದು ಹೇಳಿದರೆ ನಡುವಿನ ಸಂದಿಯಲ್ಲಿ ಕಾಯಿಲೆ ನುಸುಳುತ್ತದೆ, ಹಾಗಾಗಿ ಏನು ತೀರ್ಮಾನ ಆಯಿತು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ. ಡಿಸ್ಚಾರ್ಜಿಗೆ ಮೊದಲು ಸೈಕಿಯಾಟ್ರಿಯವರು, ಡಯಟೀಷಿಯನ್ ಇಬ್ಬರೂ ಬಂದು ನೋಡಲಿ. ಬುಲಿಮಿಯಾಗೆ ಒಳ್ಳೆಯ ಮಾತಿನ ಚಿಕಿತ್ಸೆ ಇದೆ, ಫ್ಲೂಆಕ್ಸೆಟೀನ್ ಅನ್ನುವ ಮಾತ್ರೆ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಡೋಸಿನಲ್ಲಿ ಕೆಲಸ ಮಾಡುತ್ತದೆ. ಬರೀ ಪೊಟ್ಯಾಶಿಯಂ ಸರಿ ಮಾಡಿ ಕಳಿಸಿದರೆ ಇನ್ನೊಂದು ತಿಂಗಳಿಗೆ ಅದೇ ಬೆಡ್ಡಿಗೆ ಬರುತ್ತಾಳೆ. ಆಗ ನಾವೇ ಹೇಳುತ್ತೀವಿ, ನೋಡಿ, ಮತ್ತೆ ಬಂದಳು ಅಂತ.

ಅಪ್ಪ ಅಮ್ಮನ ಮೇಲೂ ಒಂದು ಮಾತು ಇರುತ್ತದೆ ನಮ್ಮ ಹತ್ತಿರ, "ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ" ಅಂತ. ಅದನ್ನು ನುಂಗಿಕೊಳ್ಳಿ. ಚಿಕ್ಕ ವಯಸ್ಸಿನ ಅನೊರೆಕ್ಸಿಯಾ ರೋಗಿಗಳಿಗೆ ಇರುವ ಚಿಕಿತ್ಸೆಗಳಲ್ಲಿ ಅತಿ ಹೆಚ್ಚು ಆಧಾರ ಇರುವುದು ಅಪ್ಪ ಅಮ್ಮನ ಕೈಗೇ ಊಟದ ಜವಾಬ್ದಾರಿ ಕೊಡುವ ಚಿಕಿತ್ಸೆಗೆ. ಅವರನ್ನು ಅಪರಾಧಿ ಮಾಡಿದರೆ ಆ ಕೈಗಳೂ ಹೋಗುತ್ತವೆ.

ಅವಳು ಇನ್ನೂ ವಾರ್ಡಿನಲ್ಲಿ ಇದ್ದರೆ ಕ್ಷಮೆ ಕೇಳಿ. ದೊಡ್ಡ ಭಾಷಣ ಬೇಡ, ಅಳುವುದೂ ಬೇಡ, ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವಳಿಗೆ ಬರಬಾರದು. "ಅವತ್ತು ನಿಜವಾದ ಕಾಯಿಲೆ ಅಂತ ಅಂದೆನಲ್ಲ, ಅದು ತಪ್ಪು. ನಿನ್ನದೂ ನಿಜವಾದ ಕಾಯಿಲೆ. ನನಗೆ ಗೊತ್ತಿರಲಿಲ್ಲ" ಅಷ್ಟು ಸಾಕು. ಅವಳು ಮತ್ತೆ ಗೋಡೆ ಕಡೆ ತಿರುಗಬಹುದು. ತಿರುಗಲಿ ಬಿಡಿ. ಇನ್ನು ನಾಲ್ಕು ಗಂಟೆಗೆ ಬಿಪಿ ನೋಡಲು ಹೋಗುತ್ತೀರಲ್ಲ. ಹಾಂ, ಮೆಗ್ನೀಶಿಯಂ ಕೇಳಲು ಮರೆಯಬೇಡಿ.